ಡಾಖಾವ್‌ನ ಗೋಡೆಯ ಮೇಲೊಂದು ಹೆಸರು

ಮ್ಯೂನಿಕ್‌ನಿಂದ ಡಾಖಾವ್‌ಗೆ ರೈಲಿನಲ್ಲಿ ಅರ್ಧ ಗಂಟೆಯೂ ಹಿಡಿಯುವುದಿಲ್ಲ. ಅಲ್ಲಿಂದ ಬಸ್. ತರಕಾರಿ ಚೀಲ ಹಿಡಿದ ಅಜ್ಜಿಯರೂ ಶಾಲೆ ಬಿಟ್ಟ ಮಕ್ಕಳೂ ಅದೇ ಬಸ್ಸಿನಲ್ಲಿದ್ದರು. ಯಾತನಾ ಶಿಬಿರವೆಂದರೆ ಎಲ್ಲೋ ಕಾಡಿನೊಳಗೆ ಇದ್ದೀತು ಎಂದುಕೊಂಡಿದ್ದ ನನಗೆ ಇದೇ ಮೊದಲ ಪೆಟ್ಟು.

'ದುಡಿಮೆಯಿಂದ ಬಿಡುಗಡೆ' ಎಂಬ ಬರಹವಿರುವ ಕಬ್ಬಿಣದ ಬಾಗಿಲ ಮುಂದೆ ಗೈಡ್ ನಮ್ಮನ್ನು ನಿಲ್ಲಿಸಿದರು. ಅದು ನಕಲು. ಅಸಲಿ ಬಾಗಿಲನ್ನು 2014ರಲ್ಲಿ ಯಾರೋ ಕದ್ದೊಯ್ದಿದ್ದರು. ಎರಡು ವರ್ಷಗಳ ಮೇಲೆ ನಾರ್ವೆಯಲ್ಲಿ ಸಿಕ್ಕಿತು. ಅದನ್ನು ಹೊತ್ತೊಯ್ದವರು ಯಾವ ಮನೆಗೆ ಹಾಕಿಸಬೇಕೆಂದಿದ್ದರೋ!

ಹಿಟ್ಲರ್ ಗದ್ದುಗೆ ಏರಿ ಎರಡು ತಿಂಗಳು ತುಂಬುವ ಮೊದಲೇ, 1933ರ ಮಾರ್ಚ್‌ನಲ್ಲಿ, ಶುರುವಾದ ಶಿಬಿರವಿದು. ಹನ್ನೆರಡು ವರ್ಷಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಇಲ್ಲಿ ಮತ್ತು ಇದರ ಉಪಶಿಬಿರಗಳಲ್ಲಿ ಸೆರೆಯಾಗಿದ್ದರು. ನಲವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಬ್ಯಾರಕ್‌ಗಳೆಲ್ಲ ನೆಲಸಮವಾಗಿವೆ, ಎರಡನ್ನು ಮಾತ್ರ ಮತ್ತೆ ಕಟ್ಟಿದ್ದಾರೆ. ಒಳಗೆ ಮೂರಂತಸ್ತಿನ ಹಲಗೆಯ ಮಂಚಗಳು. ಇನ್ನೂರು ಜನರ ಬ್ಯಾರಕ್‌ನಲ್ಲಿ ಕೊನೆಕೊನೆಗೆ ಎರಡು ಸಾವಿರದವರೆಗೂ ತುಂಬುತ್ತಿದ್ದರಂತೆ. ಹಾಸಿಗೆಯಲ್ಲಿ ಒಂದು ಸುಕ್ಕು ಕಂಡರೂ ಶಿಕ್ಷೆ! ಮರ ಹೊಸದೆಂದು ಗೊತ್ತಿದ್ದೂ, ಅಂಚು ಮುಟ್ಟಿದ ಕೈಯನ್ನು ಹಿಂದಕ್ಕೆಳೆದುಕೊಂಡೆ.

ನಾನು ಬಂದದ್ದು ಮಾತ್ರ ಚಿತಾಗಾರದ ಬಳಿಯ ಒಂದು ಫಲಕಕ್ಕಾಗಿ. ಅಲ್ಲಿ ನಾಲ್ವರು ಹೆಂಗಸರ ಹೆಸರುಗಳಿವೆ. ಒಂದು, ನೂರ್ ಇನಾಯತ್ ಖಾನ್. ಟಿಪ್ಪು ಸುಲ್ತಾನನ ವಂಶದವಳು. ಬ್ರಿಟಿಷರ ಪರವಾಗಿ ಗುಟ್ಟಿನ ರೇಡಿಯೊ ಸಂದೇಶ ಕಳಿಸಲು 1943ರಲ್ಲಿ ಪ್ಯಾರಿಸ್ ಸೇರಿದಳು, ಕೆಲವೇ ತಿಂಗಳಲ್ಲಿ ಸಿಕ್ಕಿಬಿದ್ದಳು. ಜೈಲಿನಲ್ಲಿ ತಿಂಗಳುಗಟ್ಟಲೆ ಕೈಕಾಲಿಗೆ ಸರಪಳಿ. 1944ರ ಸೆಪ್ಟೆಂಬರ್ 13ರಂದು ಇಲ್ಲಿ ಗುಂಡಿಕ್ಕಿ ಕೊಂದರು. ಆಗ ಅವಳಿಗೆ ಮೂವತ್ತು. ಟಿಪ್ಪುವನ್ನು ಕೊಂದವರ ಪರವಾಗಿಯೇ ಅವನ ಕುಡಿ ಪ್ರಾಣ ಕೊಟ್ಟಳಲ್ಲ ಎಂದು ಮೈಸೂರಿನವನಾದ ನನಗೆ ವಿಚಿತ್ರ ಕಸಿವಿಸಿ.

ತಂಡ ಮುಂದೆ ಹೋಗಿತ್ತು. ಪಕ್ಕದಲ್ಲಿ ನಿಂತಿದ್ದ ವೃದ್ಧರೊಬ್ಬರು, 'ನಿಮ್ಮ ಕಡೆಯವರೇ?' ಎಂದು ಫಲಕ ತೋರಿಸಿ ಕೇಳಿದರು. ಶ್ರೀರಂಗಪಟ್ಟಣ ನಮ್ಮ ಮನೆಯಿಂದ ಹದಿನೈದು ಕಿಲೋಮೀಟರ್ ಎಂದೆ. ಆ ಹೆಸರನ್ನು ಅವರು ಎರಡು ಸಲ ಹೇಳಿಸಿಕೊಂಡು, ತಾವೂ ಮೆಲ್ಲಗೆ ಹೇಳಿನೋಡಿದರು.