ಮೂಲಿಕಾ ತೋಟ ಮತ್ತು ಭಾನುವಾರದ ತರಗತಿ: ಮಳೆಗಾಲದವರೆಗೆ

ಬೆಂಗಳೂರಿನ ವಿದ್ಯಾರಣ್ಯಪುರದ ನಮ್ಮ ಸಂಘದ ಕಟ್ಟಡದ ಹಿಂದಿನ ತುಂಡು ಜಾಗವನ್ನು ಈಗ ತೋಟ ಎನ್ನಲು ಅಡ್ಡಿಯಿಲ್ಲ. ಆಡುಸೋಗೆ ಬೇಲಿಯ ಎತ್ತರಕ್ಕೆ ಬಂದಿದೆ. ನಲ್ಲಿ ಸೋರುವಲ್ಲಿ ಒಂದೆಲಗ ಹಬ್ಬಿದೆ. ಸದ್ಯಕ್ಕೆ ಪ್ಲಂಬರನ್ನು ಕರೆಸಬೇಡಿ ಎಂದು ಹೇಳಿಬಿಟ್ಟಿದ್ದೇನೆ. ಅಶ್ವಗಂಧ ಮಾತ್ರ ಜುಲೈ ಮಳೆಗೆ ಬುಡ ಕೊಳೆತು ಹೋಯಿತು. ನೀರು ನಿಲ್ಲುವ ಮಣ್ಣು ಅದಕ್ಕೆ ಆಗದು. ಮರಳು ಬೆರೆಸಿದ ಕುಂಡದಲ್ಲಿ ಮತ್ತೆ ಬಿತ್ತಿದ್ದೇವೆ.

ಈ ಸಲ ಹೆಚ್ಚು ಸಮಯ ತೆಗೆದುಕೊಂಡದ್ದು ಅಮೃತಬಳ್ಳಿ. ಕೋವಿಡ್ ಕಾಲದಿಂದ ಕಿಟಕಿಯ ಗ್ರಿಲ್ಲುಗಳಿಗೆಲ್ಲ ಹಬ್ಬಿರುವ ಬಳ್ಳಿ; ಕಡ್ಡಿ ತನ್ನಿ ಎಂದರೆ ಚೀಲ ತುಂಬ ಬಂದವು. ಭಾನುವಾರದ ತರಗತಿಯಲ್ಲಿ ನಮಗೆ ಪಾಠ ಹೇಳುವ ಆಯುರ್ವೇದ ವೈದ್ಯೆ ಒಂದೊಂದನ್ನೇ ಬೆರಳಿನಿಂದ ಸವರಿ ಕೆಲವನ್ನು ಪಕ್ಕಕ್ಕಿಟ್ಟರು. ಬಂದದ್ದು ಎರಡು ಬಗೆಯ ಬಳ್ಳಿ; ಎಲೆ ಎರಡರದ್ದೂ ಹೃದಯದಾಕಾರವೇ. ಆದರೆ ಪಕ್ಕಕ್ಕಿಟ್ಟ ಕಡ್ಡಿಗಳ ಮೈತುಂಬ ನರಹುಲಿಯಂಥ ಗಂಟುಗಳು, ಕತ್ತರಿಸಿದರೆ ಹಾಲಿನಂಥ ರಸ. ಅದು ಅಮೃತಬಳ್ಳಿಯ ಹತ್ತಿರದ ಸಂಬಂಧಿ, ಟಿನೊಸ್ಪೊರಾ ಕ್ರಿಸ್ಪಾ. ನಮಗೆ ಬೇಕಾದದ್ದು ನಿಜವಾದ ಅಮೃತಬಳ್ಳಿ, ಟಿನೊಸ್ಪೊರಾ ಕಾರ್ಡಿಫೋಲಿಯಾ.

2021ರಲ್ಲಿ ಮುಂಬೈಯ ವೈದ್ಯರು ಅಮೃತಬಳ್ಳಿ ಸೇವಿಸಿದ ಕೆಲವರ ಯಕೃತ್ತಿಗೆ ಹಾನಿಯಾದದ್ದನ್ನು ವರದಿ ಮಾಡಿದರು. ಜನ ಕ್ರಿಸ್ಪಾವನ್ನು ಅಮೃತಬಳ್ಳಿ ಎಂದುಕೊಂಡಿರಬಹುದು ಎಂಬುದು ಆಯುಷ್ ಸಚಿವಾಲಯದ ವಾದ. ಯಕೃತ್ತಿನ ತಜ್ಞರು ಅದನ್ನು ಒಪ್ಪಲಿಲ್ಲ. ಈ ವ್ಯಾಜ್ಯ ಬಗೆಹರಿಸುವುದು ಭಾನುವಾರದ ತರಗತಿಯ ಕೆಲಸವಲ್ಲ. ಬಳ್ಳಿಯನ್ನು ಗುರುತಿಸುವುದನ್ನು ಕಲಿಸುತ್ತೇವೆ. ವೈದ್ಯರು ಹೇಳದೆ ದಿನವೂ ಕುಡಿಯಬೇಡಿ, ಕಣ್ಣು ಹಳದಿಯಾದರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ ಎನ್ನುತ್ತೇವೆ.

“ನಾನು ಎರಡು ವರ್ಷ ಕುಡಿದಿದ್ದೇನಮ್ಮಾ, ನನಗೇನಾಯಿತು?” ಎಂದು ಹಿರಿಯರೊಬ್ಬರು ಕೇಳಿದರು. “ನೀವು ಕುಡಿದದ್ದು ಯಾವ ಬಳ್ಳಿ ಎಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ತಾತ” ಎಂದರು ವೈದ್ಯೆ. ತಾತ ಮುನಿಸಿಕೊಂಡು ಹೋದರು. ಮುಂದಿನ ವಾರ ಮನೆಯ ಬಳ್ಳಿಯ ತುಂಡನ್ನು ಪತ್ರಿಕೆಯಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟರು. ಕಾರ್ಡಿಫೋಲಿಯಾ! ಅಂದು ತರಗತಿ ನಡೆಸಿದ್ದು ಹೆಚ್ಚುಕಡಿಮೆ ಅವರೇ.

ಕಲಿಯುವವರೆಲ್ಲ ಒಂದೊಂದು ಗಿಡದ ಬಗ್ಗೆ ನೆರೆಯವರಿಗೆ ಪಾಠ ಮಾಡಬೇಕೆಂಬ ನಿಯಮವಿದೆ. ನನ್ನ ಪಾಲಿಗೆ ಆಡುಸೋಗೆ ಬಂತು. ಅದರಲ್ಲಿರುವ ರಾಸಾಯನಿಕ ವ್ಯಾಸಿಸಿನ್‌ನ ಜಾಡು ಹಿಡಿದೇ ಕೆಮ್ಮಿನ ಔಷಧಿಗಳಲ್ಲಿ ಬಳಸುವ ಬ್ರೋಮ್‌ಹೆಕ್ಸಿನ್ ಬಂದದ್ದು ಎಂದಾಗ ಎಲ್ಲರ ಮುಖ ಅರಳಿತು. ಗರ್ಭಿಣಿಯರು ಸೇವಿಸಬಾರದು ಎಂಬುದನ್ನು ಮಾತ್ರ ಎರಡೆರಡು ಸಲ ಹೇಳಬೇಕಾಯಿತು. ಎರಡು ವಾರ ದಾಟಿದ ಕೆಮ್ಮಿಗೆ ಕಷಾಯ ಹುಡುಕಬೇಡಿ, ಕ್ಷಯದ ಪರೀಕ್ಷೆ ಮಾಡಿಸಿ ಎಂದೂ ಹೇಳಿದೆ. ಪಾಠ ಮುಗಿದ ಮೇಲೆ ಮನೆಗೆಲಸದ ಅಕ್ಕ ಒಬ್ಬರು ಹಿಂದುಳಿದು, ಗಂಡನ ಕೆಮ್ಮು ದೀಪಾವಳಿಯಿಂದಲೂ ಇದೆ ಎಂದರು. ಸೊಪ್ಪು ಕೇಳಲೆಂದೇ ಬಂದಿದ್ದರು. ಸೊಪ್ಪಿನ ಬದಲು ಪ್ರಾಥಮಿಕ ಆರೋಗ್ಯ ಕೇಂದ್ರದ ದಾರಿ ಹೇಳಿ, ಕಫ ಪರೀಕ್ಷೆಗೆ ದುಡ್ಡು ಕೊಡಬೇಕಾಗಿಲ್ಲ ಎಂದು ತಿಳಿಸಿದೆ. ನನ್ನ ಮಟ್ಟಿಗೆ ಈ ಋತುವಿನ ಅತಿ ಮುಖ್ಯ ಕೆಲಸ ಅದು.

ಫಲಕಗಳನ್ನು ಹೊಸದಾಗಿ ಬರೆಸಬೇಕು. ಉತ್ಸಾಹಿಯೊಬ್ಬರು ಇನ್ಸುಲಿನ್ ಗಿಡದ ಮುಂದೆ ‘ಸಕ್ಕರೆ ಕಾಯಿಲೆಗೆ ರಾಮಬಾಣ’ ಎಂದು ಬರೆದಿಟ್ಟಿದ್ದರು. ಔಷಧದ ಜಾಹೀರಾತಿನಲ್ಲಿ ಮಧುಮೇಹ ವಾಸಿಯಾಗುತ್ತದೆ ಎನ್ನುವುದನ್ನು 1954ರ ಕಾಯಿದೆ ನಿಷೇಧಿಸುತ್ತದೆ. ನಾವೇನೂ ಮಾರುವುದಿಲ್ಲ ನಿಜ. ಆದರೂ ಅದನ್ನು ನಂಬಿ ಯಾರಾದರೂ ಮಾತ್ರೆ ಬಿಟ್ಟರೆ? ಇನ್ನು ಮುಂದೆ ಫಲಕದಲ್ಲಿ ಹೆಸರು, ಸಸ್ಯ ಕುಟುಂಬ ಮತ್ತು ಅಡುಗೆಯ ಬಳಕೆ ಮಾತ್ರ ಇರುತ್ತದೆ. ದೊಡ್ಡಪತ್ರೆಗೆ ‘ತಂಬುಳಿ, ಬೋಂಡಾ’ ಎಂದು ಬರೆದರೆ ಯಾವ ಕಾಯಿದೆಯ ತಕರಾರೂ ಇರಲಾರದು.

ಮುಂದಿನದು ನೆಲನೆಲ್ಲಿ. ಕಲ್ಲುಹಾಸಿನ ಸಂದಿಯಲ್ಲಿ ತಾನಾಗಿ ಎದ್ದಿರುವ ಗಿಡಗಳು ಒಂದೇ ಜಾತಿಯವಲ್ಲ: ಕೆಲವಕ್ಕೆ ಕಾಂಡ ಕೆಂಪು, ಕಾಯಿ ಒರಟು, ಕೆಲವಕ್ಕೆ ಕಾಯಿ ನುಣುಪು. ಎರಡನ್ನೂ ಹಾಳೆಗಳ ನಡುವೆ ಒತ್ತಿ ಒಣಗಿಸುತ್ತಿದ್ದೇನೆ. 1993ರಲ್ಲಿ ಆರಂಭವಾದ, ಯಲಹಂಕದ ಬಳಿಯ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯ ಔಷಧಿ ಸಸ್ಯಗಳ ಒಣ ಮಾದರಿ ಸಂಗ್ರಹ ನಮಗೆ ಹತ್ತಿರವೇ. ಅಲ್ಲಿನ ಮಾದರಿಗಳೊಂದಿಗೆ ಹೋಲಿಸಿ ನೋಡಲು ಅನುಮತಿ ಕೇಳಿ ಪತ್ರ ಬರೆಯಬೇಕು.