ಹುಳುಗಳ ಪಾಲಿನ ಕರಿಬೇವು

ಮನೆಯ ಅಂಗಳಕ್ಕೆ ಚಿಟ್ಟೆಗಳು ಬರಲೆಂದು ಮೊದಲ ಎರಡು ವರ್ಷ ನಾನು ನರ್ಸರಿಯಿಂದ ತಂದು ನೆಟ್ಟದ್ದೆಲ್ಲ ಹೂವಿನ ಗಿಡಗಳೇ. ಚಿಟ್ಟೆಗಳು ಬಂದವು, ಮಕರಂದ ಹೀರಿದವು, ಹೋದವು. ಅವು ಮೊಟ್ಟೆಯಿಡುವುದು ಹೂವನ್ನು ನೋಡಿ ಅಲ್ಲ, ಮರಿಹುಳು ತಿನ್ನಬಲ್ಲ ಎಲೆಯನ್ನು ಹುಡುಕಿ ಎಂಬುದು ನನಗೆ ತಿಳಿದದ್ದು ಒಗ್ಗರಣೆಗೆಂದು ಬೆಳೆಸಿದ್ದ ಕರಿಬೇವಿನಿಂದ. ಅದೂ ಎಲೆಗಳ ಮೇಲಿದ್ದ ಹುಳುಗಳಿಗೆ ಒಮ್ಮೆ ಸೋಪಿನ ನೀರು ಸಿಂಪಡಿಸಿ ಕೊಂದ ಮೇಲೆ.

ಕರಿಬೇವಿಗೆ ಮೊಟ್ಟೆಯಿಡುವ ನಿಂಬೆ ಚಿಟ್ಟೆಯ ಎಳೆಯ ಹುಳು ಥೇಟ್ ಹಕ್ಕಿಯ ಹಿಕ್ಕೆಯಂತೆ ಕಂದು ಬಿಳಿಯಾಗಿರುತ್ತದೆ. ಕೊನೆಯ ಬಾರಿ ಪೊರೆ ಕಳಚುವ ಹೊತ್ತಿಗೆ ಎಲೆಯಷ್ಟೇ ಹಸಿರಾಗುತ್ತದೆ. ಆಗ ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಗಿತ್ತಳೆ ಕೊಂಬೊಂದನ್ನು ಹೊರಚಾಚಿ, ಘಾಟು ವಾಸನೆ ಬಿಟ್ಟು, ಮರುಕ್ಷಣವೇ ಅದನ್ನು ಒಳಗೆಳೆದುಕೊಳ್ಳುತ್ತದೆ. (ನಾನು ಮೂರು ಸಲ ಮುಟ್ಟಿದ್ದೇನೆ, ಅಷ್ಟು ಪೀಡಿಸಬಾರದಿತ್ತು.)

ಕರಿಬೇವು, ನಿಂಬೆಗಳಿದ್ದರೆ ಕಾಮನ್ ಮಾರ್ಮನ್ ಎಂಬ ಚಿಟ್ಟೆ ಕೂಡ ಬರುತ್ತದೆ. ಎಕ್ಕದ ಗಿಡಕ್ಕೆ ಪ್ಲೇನ್ ಟೈಗರ್. ಈಶ್ವರಿ ಬಳ್ಳಿಯನ್ನು ನೆಟ್ಟವರು ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ಗಾಗಿ ಕಾಯುವುದುಂಟು. ಅದು ಪಶ್ಚಿಮ ಘಟ್ಟದ ಕಡೆಯದು, ಬೆಂಗಳೂರಿನ ನಮ್ಮಂಥವರಿಗೆ ಅದೇ ಬಳ್ಳಿಗೆ ಮೊಟ್ಟೆಯಿಡುವ ಕ್ರಿಮ್ಸನ್ ರೋಸ್ ಸಿಕ್ಕಿದರೆ ಭಾಗ್ಯ.

ಹಕ್ಕಿಗಳ ವಿಷಯದಲ್ಲೂ ನನ್ನ ಲೆಕ್ಕ ತಪ್ಪಿತ್ತು. ಕಾಳು ಹಾಕಿದೆ, ಪಾರಿವಾಳಗಳು ತುಂಬಿಕೊಂಡವು, ನಿಲ್ಲಿಸಿದೆ. ಎರಡು ಬೆರಳು ಆಳದ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು, ಸೊಳ್ಳೆಯಾಗದಂತೆ ದಿನವೂ ಬದಲಿಸತೊಡಗಿದ ಮೇಲೆ ಪಿಕಳಾರಗಳು ಮಿಂದು ಹೋಗುತ್ತವೆ. ದಾಸವಾಳಕ್ಕೆ ಸೂರಕ್ಕಿ ಬರುತ್ತದೆ, ಆದರೆ ಮರಿಗಳಿಗೆ ಅದು ಉಣಿಸುವುದು ಹೆಚ್ಚಾಗಿ ಜೇಡ, ಹುಳುಗಳನ್ನು. ಗೂಡು ಹೆಣೆಯಲೂ ಅದಕ್ಕೆ ಜೇಡರ ಬಲೆಯೇ ಬೇಕು. ಹಾಗಾಗಿ ಕಿಟಕಿಯ ಹೊರಗಿನ ಬಲೆಗಳನ್ನು ಈಗ ಗುಡಿಸುವುದಿಲ್ಲ, ಬಂದವರು ಮೂಗು ಮುರಿದರೂ.

ಕಳೆದ ಮಳೆಗಾಲದಲ್ಲಿ ಕರಿಬೇವಿನ ಮೇಲೆ ಏಳು ಹುಳುಗಳನ್ನು ಎಣಿಸಿದ್ದೆ. ಒಂದು ಬೆಳಿಗ್ಗೆ ಸಿಂಪಿಗ ಹಕ್ಕಿಯೊಂದು ಬಾಲ ನಿಗುರಿಸಿಕೊಂಡು ಕೊಂಬೆಯಿಂದ ಕೊಂಬೆಗೆ ಜಿಗಿಯುತ್ತ ನಾಲ್ಕನ್ನು ಹೆಕ್ಕಿ ಒಯ್ದಿತು. ಓಡಿಸಲು ಕೈ ಎತ್ತಿದವನು, ಅದನ್ನು ಕರೆದವನೂ ನಾನೇ ಅಲ್ಲವೇ ಎಂದು ಸುಮ್ಮನಾದೆ. ಉಳಿದ ಮೂರರಲ್ಲಿ ಒಂದು ದಾಸವಾಳದ ಕಡ್ಡಿಗೆ ರೇಷ್ಮೆಯ ನೂಲಿನಿಂದ ತನ್ನನ್ನು ಬಿಗಿದುಕೊಂಡು ಕೋಶವಾಯಿತು. ಸಾರಿಗೆ ಎಲೆ ಸಾಲುತ್ತಿಲ್ಲವೆಂದು ಅಮ್ಮ ಗೊಣಗಿದ್ದರಿಂದ, ಅಡುಗೆಮನೆಯ ಪಾಲಿಗೆ ಇನ್ನೊಂದು ಕರಿಬೇವಿನ ಕುಂಡ ಬಂದಿದೆ.