ಮೀಟರ್ 12.6 ತೋರಿಸಿದರೆ ಸಾಕಾ?

ಹಳೆ ಟ್ರ್ಯಾಕ್ಟರ್‌ಗಳ ವೈರಿಂಗ್ ಕೆಲಸ ನನ್ನದು. ಜಾಸ್ತಿ ಬರುವ ದೂರು ಒಂದೇ: 'ಸೆಲ್ಫ್ (ಎಂಜಿನ್ ಶುರು ಮಾಡುವ ಮೋಟರ್) ಎಳೀತಿಲ್ಲ. ಬ್ಯಾಟರಿ ಹೊಸದು ಹಾಕಿಸಿದ್ದೀನಿ, ಮೀಟರ್‌ನಲ್ಲಿ 12.6 ವೋಲ್ಟ್ ಬರ್ತಿದೆ.'

ಆ 12.6 ನಂಬಿ ಎಷ್ಟೋ ಜನ ಸುಮ್ನೆ ದುಡ್ಡು ಕಳೆದುಕೊಳ್ಳುತ್ತಾರೆ. ಕೇಬಲ್‌ನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಸೆಲ್ಫ್ ಹಾಗಲ್ಲ, 200 ಆಂಪಿಯರ್ ಕೂಡ ಎಳೆಯಬಹುದು. ಆಗ ಒಂದು ಜಾಯಿಂಟ್‌ನಲ್ಲಿ 0.01 ಓಮ್ ಅಡ್ಡಿ ಇದ್ದರೂ 2 ವೋಲ್ಟ್ ಅಲ್ಲೇ ಹೋಯಿತು. 6 ವೋಲ್ಟ್‌ನ ಗಾಡಿಯಾದರೆ ಮೂರರಲ್ಲಿ ಒಂದು ಪಾಲು!

ಅದಕ್ಕೇ ನಾನು ಸೆಲ್ಫ್ ತಿರುಗುವಾಗಲೇ ಅಳೆಯುತ್ತೇನೆ. ಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ಅರ್ಥ್ ಕಡೆಯ, ಅಂದರೆ ಗಾಡಿಯ ಬಾಡಿಗೆ ಜೋಡಿಸಿದ ಕಡೆಯ, ಸೀಸದ ಕಂಬದ ಮೇಲೆ, ಇನ್ನೊಂದು ಎಂಜಿನ್‌ನ ಬರಿ ಲೋಹದ ಮೇಲೆ. ಕಡ್ಡಿಯನ್ನು ಕೇಬಲ್‌ನ ಕ್ಲ್ಯಾಂಪ್ ಮೇಲೆ ಇಡಬಾರದು, ಇಟ್ಟರೆ ಕಂಬಕ್ಕೂ ಕ್ಲ್ಯಾಂಪಿಗೂ ನಡುವಿನ ಕಿಲುಬು ಲೆಕ್ಕಕ್ಕೇ ಬರುವುದಿಲ್ಲ. ಅರ್ಧ ವೋಲ್ಟ್ ದಾಟಿದರೆ ಅರ್ಥ್ ದಾರಿಯಲ್ಲೇ ತೊಂದರೆ. ಒಂದು ಗಾಡಿಯಲ್ಲಿ ಕೇಬಲ್ ಹೊಚ್ಚ ಹೊಸದಿತ್ತು, ಆದರೆ ಅದರ ಲಗ್ ಅನ್ನು (ತುದಿಯ ಲೋಹದ ಬಳೆ) ಬಾಡಿಯ ಬಣ್ಣದ ಮೇಲೆಯೇ ಬೋಲ್ಟ್ ಮಾಡಿದ್ದರು. ಮುಟ್ಟಿದರೆ ಬಿಸಿ. ಬಣ್ಣ ಕೆರೆದು ಬಿಗಿ ಮಾಡಿದ ಮೇಲೆ ಸೆಲ್ಫ್ ಸರಾಗವಾಗಿ ಎಳೆಯಿತು.

'ಅರ್ಥ್ ತಾನೇ, ತೆಳು ವೈರ್ ಸಾಕು' ಅನ್ನುವುದು ಮನೆಯ ಅರ್ಥಿಂಗ್ ನೋಡಿ ಬಂದ ಗೊಂದಲ. ಮನೆಯ ಅರ್ಥಿಂಗ್ ವೈರ್‌ನಲ್ಲಿ ಮಾಮೂಲಿಯಾಗಿ ಕರೆಂಟ್ ಹರಿಯುವುದಿಲ್ಲ, ಅದು ಅಪಾಯ ಆದಾಗಿನ ರಕ್ಷಣೆಗೆ. ಟ್ರ್ಯಾಕ್ಟರ್‌ನಲ್ಲಿ ಹೋದ ಕರೆಂಟ್ ಅಷ್ಟೂ ಬಾಡಿ ಮೂಲಕವೇ ವಾಪಸ್ ಬರಬೇಕು, ಅಲ್ವಾ? ಎರಡೂ ಕೇಬಲ್ ಒಂದೇ ದಪ್ಪ ಇರಲಿ.

ಬ್ಯಾಟರಿ ಚಾರ್ಜ್ ಮಾಡುವ ಹಳೆ ಡೈನಮೋ ತೆಗೆದು, ಅದೇ ಕೆಲಸಕ್ಕೆ ಹೆಚ್ಚು ಆಂಪಿಯರ್‌ನ ಆಲ್ಟರ್ನೇಟರ್ ಹಾಕಿದರೆ ಬಲ್ಬ್ ಸುಡುತ್ತದೆ ಅಂತ ಹೆದರುವವರೂ ಇದ್ದಾರೆ. ವೋಲ್ಟೇಜ್ ಸರಿ ಇದ್ದರೆ ಬಲ್ಬ್ ತನಗೆ ಬೇಕಾದಷ್ಟೇ ಎಳೆಯುತ್ತದೆ. ಹೆದರಬೇಕಾದ್ದು ಚಾರ್ಜಿಂಗ್ ವೈರ್ ಮತ್ತು ಹಳೆ ಆಂಪಿಯರ್ ಮೀಟರ್ ಬಗ್ಗೆ. ಇಳಿದುಹೋದ ಬ್ಯಾಟರಿ ಜೋರಾಗಿ ಚಾರ್ಜ್ ಎಳೆದಾಗ ಬಿಸಿಯಾಗುವುದು ಅವೇ. ಇನ್ನು ಕೆಲವು ಹಳೆ ಗಾಡಿಗಳಲ್ಲಿ ಪಾಸಿಟಿವ್ ಕಡೆಯೇ ಅರ್ಥ್ ಇರುತ್ತದೆ. ನೋಡದೆ ಬ್ಯಾಟರಿ ಉಲ್ಟಾ ಕೊಟ್ಟರೆ ಆಲ್ಟರ್ನೇಟರ್‌ನ ಡಯೋಡ್ ಸುಟ್ಟುಹೋಗುತ್ತದೆ.

'12 ವೋಲ್ಟ್ ಶಾಕ್ ಹೊಡೆಯಲ್ಲ' ಅನ್ನುವುದು ಸಾಮಾನ್ಯವಾಗಿ ನಿಜ. ಆದರೆ ಅರ್ಥ್ ಅಲ್ಲದ ಕಂಬಕ್ಕೂ ಬಾಡಿಗೂ ಸ್ಪ್ಯಾನರ್ ಅಡ್ಡ ಬಿದ್ದರೆ ಕೆಂಪಗೆ ಕಾಯುತ್ತದೆ, ಬೆರಳಲ್ಲಿ ಉಂಗುರವಿದ್ದರೆ ಚರ್ಮ ಸುಡುತ್ತದೆ. ಅದಕ್ಕೇ ಅರ್ಥ್ ಕೇಬಲ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಆಮೇಲೆ ಇನ್ನೊಂದು ಕೇಬಲ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಏನೂ ಆಗುವುದಿಲ್ಲ.